ತಪ್ಪು ಬ್ರೈಸ್ ಯಂಗ್‌ನದ್ದಲ್ಲ

2023ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಕ್ಯಾರೊಲಿನಾ ಪ್ಯಾಂಥರ್ಸ್ ಮುಳುಗಿದ್ದು ಕೋಚ್‌ನಿಂದಲೋ, ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಬ್ರೈಸ್ ಯಂಗ್‌ನನ್ನು ಆರಿಸಿದ್ದರಿಂದಲೋ ಅಂತ ಕೇಳಿದ್ದೀರಿ. ನನಗನಿಸುವುದು, ಆ ಆಯ್ಕೆಗೆ ತೆತ್ತ ಬೆಲೆಯೇ ದೊಡ್ಡ ತಪ್ಪು. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಮೊದಲ ಪಿಕ್ (ಆರಿಸುವ ಸರದಿ) ಪಡೆಯಲು ಶಿಕಾಗೋ ಬೇರ್ಸ್ ತಂಡಕ್ಕೆ ತಮ್ಮ ನಾಲ್ಕು ಪಿಕ್ ಕೊಟ್ಟರು. ಸಾಲದ್ದಕ್ಕೆ ತಮ್ಮ ಅತ್ಯುತ್ತಮ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಡಿ.ಜೆ. ಮೂರ್‌ನನ್ನೂ ಕೊಟ್ಟರು. ಹಾಗಾದರೆ ಹೊಸ ಹುಡುಗ ಚೆಂಡು ಎಸೆಯುವುದು ಯಾರಿಗೆ? ಅವನನ್ನು ಕಾಯುವ ಆಟಗಾರರ ಲೈನ್ ಕೂಡ ಸೊರಗಿತ್ತು. ಆ ಸೀಸನ್‌ನಲ್ಲಿ ಅವನು 62 ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರು. ಅದೇ ಡ್ರಾಫ್ಟ್‌ನ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಸ್ಟ್ರೌಡ್ ಹ್ಯೂಸ್ಟನ್ ತಂಡದಲ್ಲಿ ಮಿಂಚಿದ, ನಿಜ. ಆದರೆ ಇಲ್ಲಿದ್ದಿದ್ದರೆ ಅವನೂ ಒದ್ದಾಡುತ್ತಿದ್ದ.

ಕೋಚ್ ಫ್ರಾಂಕ್ ರೈಕ್‌ರನ್ನು 11 ಪಂದ್ಯಕ್ಕೇ ಕಳಿಸಿದ್ದು ಅವಸರವಾಯಿತು. ಕೊನೆಗೆ ಗೆದ್ದಿದ್ದು 2, ಸೋತಿದ್ದು 15. ಅತಿ ಹೆಚ್ಚು ಸೋತ ತಂಡಕ್ಕೇ ಮೊದಲ ಸರದಿ; ಹಾಗಾಗಿ ಬಿಟ್ಟುಕೊಟ್ಟ 2024ರ ಪಿಕ್ಕೇ ಮೊದಲನೆಯದಾಗಿ, ಬೇರ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಸಿಕ್ಕಿದ. ಹೊಟ್ಟೆ ಉರಿಯುತ್ತದೆ, ಅಲ್ವಾ?