3970010 ಎಂದಿದ್ದ ಮಾತ್ರಕ್ಕೆ ಅದು ಝಡ್ 28 ಎಂಜಿನ್ ಅಲ್ಲ

ನಿಮ್ಮ ಪ್ರಶ್ನೆ ಇಷ್ಟು: ಒಹಾಯೋದಲ್ಲಿ ಒಬ್ಬರು ಹಳೆಯ ಶೆವರ್ಲೆ ವಿ8 ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ, ಮಾರುತ್ತಿದ್ದಾರೆ. ಹೆಡ್ ಬಿಚ್ಚಿಟ್ಟಿದ್ದಾರೆ, ಕ್ರ್ಯಾಂಕ್ ಮತ್ತು ಪಿಸ್ಟನ್ ಒಳಗೇ ಇವೆ. ಹಿಂದುಗಡೆ 3970010 ಎಂಬ ಉಬ್ಬು ಅಂಕಿ, ಇನ್ನೊಂದು ಪಕ್ಕದಲ್ಲಿ ‘ಎಫ್ 12 9’. ಇದು 1969ರ ಕಮಾರೋ ಝಡ್ 28 ಕಾರಿನ 302 (ಘನ ಇಂಚಿನ) ಎಂಜಿನ್ ಎಂದು ಅವರು ಹೇಳುತ್ತಾರೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ನಂಬಬಹುದಾ?

ಈಗಲೇ ನಂಬಬೇಡಿ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಆ ಎರಡು ಗುರುತುಗಳಿಂದ ಇಷ್ಟು ದೊಡ್ಡ ಮಾತು ಸಾಬೀತಾಗುವುದಿಲ್ಲ, ಅಷ್ಟೆ. ನಾನು ಮಿಶಿಗನ್‌ನಲ್ಲಿದ್ದೇನೆ. ಈ ಸ್ಮಾಲ್ ಬ್ಲಾಕ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವುದು ನನಗೆ ತುಂಬಾ ಪ್ರೀತಿಯ ಕೆಲಸ. ಇಲ್ಲಿನ ಹಳೆ ಬಿಡಿಭಾಗಗಳ ಸಂತೆಗಳಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇದೇ ನಂಬರಿನ ಮೇಲೆ.

3970010 ಎನ್ನುವುದು ಎರಕದ ನಂಬರ್. ಅಂದರೆ ಅದು ಅಚ್ಚಿನ ನಂಬರ್, ಎಂಜಿನ್ನಿನದಲ್ಲ. ಕಬ್ಬಿಣ ಯಾವ ಅಚ್ಚಿಗೆ ಬಿತ್ತು ಅನ್ನುವುದನ್ನು ಹೇಳುತ್ತದೆ. ಆಮೇಲೆ ಅದಕ್ಕೆ ಯಾವ ಕ್ರ್ಯಾಂಕ್ ಹಾಕಿದರು, ಯಾವ ಗಾಡಿಗೆ ಕೂರಿಸಿದರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಒಂದೇ ಥಾನಿನ ಬಟ್ಟೆಯಲ್ಲಿ ಮದುವೆಯ ಅಂಗಿಯನ್ನೂ ಹೊಲಿಯಬಹುದು, ಮನೆಯ ಪೈಜಾಮವನ್ನೂ ಹೊಲಿಯಬಹುದು ಅಲ್ವಾ, ಹಾಗೆ. ಈ ಅಚ್ಚು 1969ರಿಂದ ಎಪ್ಪತ್ತರ ದಶಕದ ಕೊನೆಯವರೆಗೂ ನಡೆಯಿತು. 1969ರ ಕೆಲವು ಝಡ್ 28 ಎಂಜಿನ್‌ಗಳು ಇದರಿಂದಲೇ ಬಂದವು, ನಿಜ. ಆದರೆ ಇದೇ ಅಚ್ಚಿನ ಬಹುಪಾಲು ಬ್ಲಾಕ್‌ಗಳು ಸಾಮಾನ್ಯ 350 ಎಂಜಿನ್ ಆಗಿ ಕಾರು, ಪಿಕಪ್ ಟ್ರಕ್‌ಗಳಿಗೆ ಹೋದವು.

ಇನ್ನು ‘ಎಫ್ 12 9’. ಇದು ಎರಕ ಹೊಯ್ದ ತಾರೀಖು. ಶೆವರ್ಲೆಯ ಒಡೆಯರಾದ ಜನರಲ್ ಮೋಟರ್ಸ್‌ನವರ ಲೆಕ್ಕದಲ್ಲಿ ಎ ಅಂದರೆ ಜನವರಿ, ಹೀಗೇ ಸಾಲಾಗಿ ಎಲ್ ಅಂದರೆ ಡಿಸೆಂಬರ್. ಫೋರ್ಡ್‌ನವರು ಐ ಅಕ್ಷರವನ್ನು ಬಿಟ್ಟು ಎಣಿಸುತ್ತಾರೆ, ಅಲ್ಲಿ ಸೆಪ್ಟೆಂಬರ್ ಅಂದರೆ ಜೆ. ಎರಡನ್ನೂ ಕಲಸಿಕೊಳ್ಳಬೇಡಿ. ನಿಮ್ಮದು ಜೂನ್ 12. ತಾರೀಖಿನ ಆಚೆ ಈಚೆ ಚಿಕ್ಕ ಸ್ಕ್ರೂ ತಲೆಯ ಗುರುತು ಇದೆಯಾ ನೋಡಿ. ತಾರೀಖಿನ ಪಟ್ಟಿಯನ್ನು ಅಚ್ಚಿನ ಮಾದರಿಗೆ ಸ್ಕ್ರೂ ಹಾಕಿ ಕೂರಿಸಿ, ದಿನ ಬದಲಾದಾಗ ಅಂಕಿಯನ್ನೂ ಬದಲಾಯಿಸುತ್ತಿದ್ದರು. ಆ ಸ್ಕ್ರೂ ತಲೆ ಕೂಡ ಕಬ್ಬಿಣದಲ್ಲಿ ಹಾಗೇ ಮೂಡಿ ಉಳಿದಿರುತ್ತದೆ. ನನಗೆ ಅದನ್ನು ನೋಡುವುದೇ ಒಂದು ಖುಷಿ.

ತೊಡಕು ಇರುವುದು ಕೊನೆಯ 9ರಲ್ಲಿ. ವರ್ಷಕ್ಕೆ ಒಂದೇ ಅಂಕಿ. 1969 ಆಗಬಹುದು, 1979 ಆಗಬಹುದು. ಅಚ್ಚು ಎರಡೂ ವರ್ಷ ಬಳಕೆಯಲ್ಲಿತ್ತು. ಮಾರುವವರು ತಮಗೆ ಬೇಕಾದ ದಶಕವನ್ನು ಆರಿಸಿಕೊಂಡಿದ್ದಾರೆ.

ಸಿಲಿಂಡರಿನ ಅಗಲ ಅಳೆದರೆ ಗೊತ್ತಾಗುತ್ತೆ ಅಂತ ಕೆಲವರು ಹೇಳಬಹುದು. ಆಗುವುದಿಲ್ಲ. 302, 327, 350 ಮೂರಕ್ಕೂ ಬೋರ್ 4 ಇಂಚೇ. ವ್ಯತ್ಯಾಸ ಇರುವುದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರದಲ್ಲಿ. 302 ಹುಟ್ಟಿದ್ದೇ ಹಾಗೆ. ಟ್ರಾನ್ಸ್-ಆ್ಯಮ್ ರೇಸಿಗೆ ಎಂಜಿನ್ 305 ಘನ ಇಂಚು ದಾಟುವಂತಿರಲಿಲ್ಲ. ಶೆವರ್ಲೆಯವರು 327ರ 4 ಇಂಚು ಬೋರಿಗೆ ಹಳೆಯ 283ರ 3 ಇಂಚು ಸ್ಟ್ರೋಕ್ ಜೋಡಿಸಿದರು. ಲೆಕ್ಕ 302ಕ್ಕೆ ಬಂತು. ಕಾಗದದ ಮೇಲೆ 290 ಅಶ್ವಶಕ್ತಿ, ಆದರೆ ಜಾಸ್ತಿ ಆರ್‌ಪಿಎಂಗೆ ಏರಿದಾಗ ಅದರ ಸ್ವಭಾವವೇ ಬೇರೆ. ಅದಕ್ಕೇ ಇಷ್ಟು ಬೇಡಿಕೆ.

ನಿಮ್ಮ ಅದೃಷ್ಟಕ್ಕೆ ಹೆಡ್ ಬಿಚ್ಚಿದೆ, ಕ್ರ್ಯಾಂಕ್ ಒಳಗಿದೆ. ಕ್ರ್ಯಾಂಕ್ ತಿರುಗಿಸಿ ಒಂದು ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತನ್ನಿ. ಬ್ಲಾಕಿನ ಮೇಲ್ಮೈಯಿಂದ ಪಿಸ್ಟನ್ ಅಂಚಿನವರೆಗೆ ವರ್ನಿಯರ್ ಅಳತೆಗೋಲಿನ ಹಿಂದೆ ಹೊರಬರುವ ಕಡ್ಡಿಯಿಂದ ಆಳ ಅಳೆಯಿರಿ. ಪೂರ್ತಿ ಕೆಳಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ 3.00 ಇಂಚು ಬಂದರೆ 302ರ ಮಾತು ಮುಂದುವರಿಸಬಹುದು. 3.25 ಬಂದರೆ 327. 3.48 ಬಂದರೆ ನಿಮ್ಮ ಮುಂದಿರುವುದು 350. ಪಿಸ್ಟನ್ ತಲೆಯನ್ನೂ ಗಮನಿಸಿ. 302ಕ್ಕೆ ಕಂಪ್ರೆಷನ್ 11:1, ತಲೆ ಗುಮ್ಮಟದ ಹಾಗೆ ಉಬ್ಬಿರುತ್ತದೆ. ತಲೆ ತಗ್ಗಾಗಿದ್ದರೆ ಅದು ಎಪ್ಪತ್ತರ ದಶಕದ ಕಡಿಮೆ ಕಂಪ್ರೆಷನ್ನಿನ 350 ಆಗಿರುವ ಸಾಧ್ಯತೆಯೇ ಜಾಸ್ತಿ.

ಸ್ಟ್ರೋಕ್ 3.00 ಬಂತು ಅಂತಲೂ ತಕ್ಷಣ ದುಡ್ಡು ಕೊಡಬೇಡಿ. ಕ್ರ್ಯಾಂಕನ್ನು ಯಾರು ಬೇಕಾದರೂ ಬದಲಾಯಿಸಬಹುದು. ನಿಜವಾದ ಸಾಕ್ಷಿ ಬೇರೆ ಕಡೆ ಇದೆ. ಎಂಜಿನ್ನಿನ ಮುಂಭಾಗಕ್ಕೆ ಬನ್ನಿ. ಚಾಲಕನ ಸೀಟಿನಲ್ಲಿ ಕೂತವನ ಬಲಗೈ ಕಡೆಯ ಸಿಲಿಂಡರ್ ಸಾಲು, ಹೆಡ್ ಕೂರುವ ಜಾಗದ ಮುಂದೆ ಒಂದು ಚಿಕ್ಕ ಚಪ್ಪಟೆ ಪ್ಯಾಡ್ ಇದೆ. ಅಲ್ಲಿ ಅಂಕಿ ಉಬ್ಬಿರುವುದಿಲ್ಲ, ಪಂಚ್‌ನಿಂದ ಒಳಗೆ ಗುದ್ದಿರುತ್ತಾರೆ. ಇದು ಎಂಜಿನ್ ಜೋಡಿಸಿದ ಕಾರ್ಖಾನೆ ಹಾಕಿದ ಗುರುತು.

ಮೊದಲ ಅಕ್ಷರ ಕಾರ್ಖಾನೆಯದು. ವಿ ಅಂದರೆ ಫ್ಲಿಂಟ್, ಟಿ ಅಂದರೆ ಟೋನವಾಂಡಾ. ಆಮೇಲೆ ತಿಂಗಳು, ದಿನ. ಕೊನೆಗೆ ಯಾವ ಎಂಜಿನ್ ಎಂಬುದರ ಅಕ್ಷರಗಳು. 1969ರ ಝಡ್ 28ಕ್ಕೆ ಅದು ‘ಡಿ ಝಡ್’, ಎಂಜಿನ್ ಜೋಡಿಸಿದ್ದು ಫ್ಲಿಂಟ್‌ನಲ್ಲಿ. ಹಾಗಾಗಿ ನಿಮಗೆ ಕಾಣಬೇಕಾದ್ದು ‘ವಿ 0620 ಡಿ ಝಡ್’ ರೀತಿಯದ್ದು. ನಿಮ್ಮ ದಶಕದ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ: 1969ರ ಮಾಡೆಲ್‌ಗೆ ಕೊನೆಯಲ್ಲಿ ಎರಡು ಅಕ್ಷರ, 1970ರ ಮಾಡೆಲ್‌ನಿಂದ ಮೂರು ಅಕ್ಷರ. ಮೂರು ಕಂಡರೆ ಅದು 1969ರ ಝಡ್ 28 ಅಲ್ಲ, ಮಾತು ಮುಗಿಯಿತು. ‘ಸಿ ಇ’ ಎಂದು ಶುರುವಾದರೆ ಅದು ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟ ಬ್ಲಾಕ್. ಅದೇ ಪ್ಯಾಡ್ ಮೇಲೆ, ಇಲ್ಲವೇ ಎಣ್ಣೆಯ ಫಿಲ್ಟರಿನ ಹತ್ತಿರ, ಕಾರಿನ ಚಾಸಿ ನಂಬರಿನ ತುಣುಕೂ ಇರಬೇಕು. ಅದರಲ್ಲಿ ಎನ್ ಇದ್ದರೆ ಕಾರು ನಾರ್ವುಡ್‌ನಲ್ಲಿ ತಯಾರಾದದ್ದು, ಎಲ್ ಇದ್ದರೆ ವ್ಯಾನ್ ನೈಸ್‌ನಲ್ಲಿ.

ತಾರೀಖುಗಳ ಕ್ರಮವನ್ನೂ ನೋಡಿ. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಜೂನ್ 12ಕ್ಕೆ ಹೊಯ್ದ ಬ್ಲಾಕಿನ ಪ್ಯಾಡ್ ಮೇಲೆ ಮೇ ತಿಂಗಳು ಇದ್ದರೆ ಅಲ್ಲಿ ಯಾರೋ ಕೈ ಆಡಿಸಿದ್ದಾರೆ. ಸಾಮಾನ್ಯವಾಗಿ ಎರಕಕ್ಕೂ ಜೋಡಣೆಗೂ ನಡುವೆ ಕೆಲವು ದಿನ ಅಥವಾ ಕೆಲವು ವಾರ ಇರುತ್ತದೆ.

ಒಂದು ವಿಷಯ ಕೈಮುಗಿದು ಕೇಳುತ್ತೇನೆ. ಆ ಪ್ಯಾಡನ್ನು ಮರಳು ಕಾಗದದಿಂದ, ಗ್ರೈಂಡರಿನಿಂದ, ತಂತಿಯ ಬ್ರಷ್‌ನಿಂದ ಉಜ್ಜಬೇಡಿ, ಮಾರುವವರಿಗೂ ಉಜ್ಜಲು ಬಿಡಬೇಡಿ. ಗ್ರೀಸ್ ತೆಗೆಯುವ ದ್ರಾವಣ ಸಿಂಪಡಿಸಿ, ನೆನೆಯಲು ಬಿಡಿ, ಬಟ್ಟೆಯಿಂದ ಒರೆಸಿ, ಅಷ್ಟು ಸಾಕು. ಕಾರ್ಖಾನೆ ಮೇಲ್ಮೈ ಕತ್ತರಿಸಿದಾಗ ಮುಂದಿನಿಂದ ಹಿಂದಕ್ಕೆ ನವಿರಾದ ಸಮಾನಾಂತರ ಗೆರೆಗಳು ಮೂಡಿರುತ್ತವೆ. ಗುದ್ದಿದ ಅಂಕಿ ಆ ಗೆರೆಗಳ ಮೇಲೆ ಕೂತಿದ್ದರೆ ನಂಬಿಕೆ ಬರುತ್ತದೆ. ಪ್ಯಾಡ್ ಕನ್ನಡಿಯಂತೆ ನುಣುಪಾಗಿದ್ದು ಅದರ ಮೇಲೆ ‘ಡಿ ಝಡ್’ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಎಂಜಿನ್ ಮರುಕಟ್ಟುವಾಗ ಮೇಲ್ಮೈ ಕೆರೆದರೆ ಹಳೆಯ ಗುರುತು ಅಳಿಸಿ ಹೋಗುತ್ತದೆ. ಅಲ್ಲಿ ಬೇಕಾದ ಅಕ್ಷರ ಗುದ್ದುವವರು ಇದ್ದಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಒಂದು ಬ್ಲಾಕಿನ ಮೇಲೆ ಸುಳ್ಳು ಬರೆದರೆ ಅದನ್ನು ಮುಂದೆ ಕೊಳ್ಳುವ ಪ್ರತಿಯೊಬ್ಬರೂ ಮೋಸ ಹೋಗುತ್ತಾರೆ.

ಸಾಧ್ಯವಾದರೆ ಎಣ್ಣೆಯ ಪ್ಯಾನ್ ಬಿಚ್ಚಿಸಿ ಕೆಳಗಿನಿಂದಲೂ ನೋಡಿ. 1969ರ 302ರಲ್ಲಿ ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ನಡುವಿನ ಮೂರು ಮೇನ್ ಕ್ಯಾಪ್‌ಗಳಿಗೆ ನಾಲ್ಕು ನಾಲ್ಕು ಬೋಲ್ಟ್ ಇರುತ್ತದೆ. ಎರಡೇ ಇದ್ದರೆ ಅದು ಆ ಎಂಜಿನ್ ಅಲ್ಲ. ನಾಲ್ಕಿದ್ದರೂ ಅದೊಂದೇ ಸಾಕಾಗದು, ಎಷ್ಟೋ ಟ್ರಕ್‌ಗಳ 350ಕ್ಕೂ ನಾಲ್ಕು ಬೋಲ್ಟ್ ಇತ್ತು. ಬಿಚ್ಚಿಟ್ಟ ಹೆಡ್‌ಗಳು ಅವರ ಹತ್ತಿರ ಇದ್ದರೆ ತುದಿಯನ್ನು ನೋಡಿ. ಒಂಟೆಯ ಡುಬ್ಬದ ಹಾಗೆ ಎರಡು ಉಬ್ಬು ಇದ್ದು, ನಂಬರ್ 3927186 ಆಗಿದ್ದರೆ ಅದು 1969ರ ಝಡ್ 28ಕ್ಕೆ ಹೊಂದುತ್ತದೆ. 333882 ಇದ್ದರೆ ಎಪ್ಪತ್ತರ ದಶಕದ ಸಾಮಾನ್ಯ ಹೆಡ್.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪ್ಯಾಡಿನ ಫೋಟೊ ಕೇಳುತ್ತೇನೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ತೆಗೆಯಲು ಹೇಳಿ, ಗುದ್ದಿದ ಅಂಕಿಗಳ ನೆರಳು ಬಿದ್ದು ಚೆನ್ನಾಗಿ ಕಾಣುತ್ತದೆ. ಫೋಟೊ ಕೊಡಲು ಹಿಂಜರಿದರೆ, ಅಥವಾ ಪ್ಯಾಡ್ ಖಾಲಿ ಇದ್ದರೆ, ಸಾಮಾನ್ಯ 350 ಬ್ಲಾಕಿನ ಬೆಲೆಗಷ್ಟೇ ಮಾತಾಡಿ. ಅದೂ ಒಳ್ಳೆಯ ಎಂಜಿನ್ನೇ, ಬಿಡಿಭಾಗ ಅಮೆರಿಕದ ಯಾವ ಊರಿನಲ್ಲೂ ಸಿಗುತ್ತದೆ. ಆಗ ಮಾತ್ರ ಬೋರ್ ಅಳೆಯಿರಿ. 4.030 ಇಂಚು ಬಂದರೆ ಒಮ್ಮೆ ಕೊರೆಸಿದ್ದಾರೆ, ತೊಂದರೆಯಿಲ್ಲ. 4.060 ಬಂದರೆ ಇನ್ನೊಮ್ಮೆ ಕೊರೆಸಲು ಗೋಡೆಯಲ್ಲಿ ಹೆಚ್ಚು ಕಬ್ಬಿಣ ಉಳಿದಿಲ್ಲ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳಿ.