ಡಿಸ್ಕ್ ಗೇಮ್ ಮಾರಬಹುದು, ಡೌನ್‌ಲೋಡ್ ಮಾಡಿದ ಗೇಮನ್ನು ಯಾಕೆ ಮಾರೋಕಾಗಲ್ಲ?

ಡಿಸ್ಕ್ ಕೊಂಡರೆ ಆ ಪ್ರತಿ ನಿಮ್ಮ ಸ್ವತ್ತು. ಡೌನ್‌ಲೋಡ್‌ಗೆ ದುಡ್ಡು ಕೊಟ್ಟರೆ ಸಿಗುವುದು ಆಡುವ ಅನುಮತಿ ಮಾತ್ರ. ಅದೂ ನಿಮ್ಮ ಅಕೌಂಟ್‌ಗೆ ಅಂಟಿಕೊಂಡಿರುತ್ತದೆ.

ಅಮೆರಿಕ, ಯುರೋಪಿನ ಕಾಪಿರೈಟ್ ಕಾನೂನಿನ ಪ್ರಕಾರ, ಒಂದು ಪ್ರತಿಯನ್ನು ಮಾರಿದ ಮೇಲೆ ಅದು ಮುಂದೆ ಯಾರ ಕೈಸೇರಬೇಕು ಎಂದು ಹೇಳುವ ಹಕ್ಕು ಕಂಪನಿಗಿಲ್ಲ. ಆದರೆ ಫೈಲ್ ಡಿಸ್ಕ್‌ನಂತೆ ಕೈ ಬದಲಾಯಿಸುವುದಿಲ್ಲ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ಹೊಸ ಪ್ರತಿ ಹುಟ್ಟುತ್ತದೆ, ಪ್ರತಿ ಮಾಡುವ ಹಕ್ಕು ಕಂಪನಿಯದ್ದೇ ಅಲ್ವಾ?

ಈ ಜಗಳ ಫ್ರಾನ್ಸ್‌ನಲ್ಲಿ ಕೋರ್ಟ್ ಹತ್ತಿತು. ಗೇಮ್ ಡೌನ್‌ಲೋಡ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಮೇಲೆ ಗ್ರಾಹಕರ ಸಂಘವೊಂದು ಕೇಸ್ ಹಾಕಿತ್ತು. 2019ರಲ್ಲಿ ಪ್ಯಾರಿಸ್ ಕೋರ್ಟ್ ‘ಮಾರಬಹುದು’ ಎಂದಿತು. 2022ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಸಾಮಾನ್ಯ ಸಾಫ್ಟ್‌ವೇರ್ ಲೈಸೆನ್ಸ್ ಮಾರಲು ಯುರೋಪಿನ ಕೋರ್ಟ್ 2012ರಲ್ಲೇ ಒಪ್ಪಿತ್ತು, ನಿಜ. ಆದರೆ ಗೇಮ್ ಅಂದರೆ ಬರೀ ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ಚಿತ್ರ, ಸಂಗೀತ, ಕಥೆ ಎಲ್ಲ ಇದೆ ಎಂದು ಮೇಲ್ಮನವಿ ಕೋರ್ಟ್ ಹೇಳಿತು. ಜೊತೆಗೆ ಡೌನ್‌ಲೋಡ್ ಪ್ರತಿ ಸವೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೂಡ ಹೊಚ್ಚ ಹೊಸದೇ, ಹಾಗಾದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ವಾದವೇನೋ ಗಟ್ಟಿಯಾಗಿದೆ. ಆದರೆ ಮಾರೋಕಾಗದ ವಸ್ತುವಿಗೂ ಎಷ್ಟೋ ಸಲ ಡಿಸ್ಕಿನಷ್ಟೇ ಬೆಲೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಡಿಸ್ಕ್ ಕೊಳ್ಳುವಾಗಲೂ ಡಬ್ಬಿ ಮೇಲಿನ ಬರಹ ಓದಿ. ಕೆಲವದರಲ್ಲಿ ಬರೀ ಡೌನ್‌ಲೋಡ್ ಕೋಡ್ ಇರುತ್ತದೆ. ಒಮ್ಮೆ ಅದನ್ನು ಹಾಕಿದರೆ ಮುಗೀತು, ಮಾರೋಕಾಗಲ್ಲ.