ಗ್ರನಾಡಾದಲ್ಲಿ ಭಾಷೆ, ಸಸ್ಯಾಹಾರ

ಸ್ಪ್ಯಾನಿಷ್ ತರಗತಿ ಮುಗಿಸಿ ಸ್ಪೇನಿನ ಗ್ರನಾಡಾ ನಗರಕ್ಕೆ ಓದಲು ಹೊರಟಿರುವ ನೀವು ಭಾಷೆಯೂ ಸಸ್ಯಾಹಾರವೂ ಕಷ್ಟವಾದೀತೇ ಎಂದು ಕೇಳಿದ್ದೀರಿ. ಮೊದಲ ತಿಂಗಳು ಭಾಷೆ ಕಾಡುತ್ತದೆ, ನಿಜ. ಗ್ರನಾಡಾ ಇರುವ ದಕ್ಷಿಣ ಸ್ಪೇನಿನ ಆಂಡಲೂಸಿಯಾದವರು ಪದದ ಕೊನೆಯ ‘ಸ್’ ನುಂಗಿಬಿಡುತ್ತಾರೆ. ‘ಗ್ರಾಸಿಯಾಸ್’ ಎಂಬ ಧನ್ಯವಾದ ‘ಗ್ರಾಸಿಯಾ’ ಎಂದು ಕೇಳಿಸಿ ನಾನು ತಬ್ಬಿಬ್ಬಾಗಿದ್ದೆ.

ಊಟದ ಕಥೆಯೇ ಬೇರೆ. ಅಲ್ಲಿನ ಬಾರುಗಳಲ್ಲಿ ಪಾನೀಯ ಕೊಂಡರೆ ತಾಪಾ ಎಂಬ ಪುಟ್ಟ ತಿನಿಸು ಸಾಮಾನ್ಯವಾಗಿ ಪುಕ್ಕಟೆ. ಆದರೆ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಟ್ಯೂನಾ ಮೀನೋ ಹಾಮೋನೋ ಬಂದೀತು. ಹಂದಿಯ ತೊಡೆಯಿಂದ ಮಾಡುವ ಈ ಹಾಮೋನನ್ನು ಮಾಂಸದ ಲೆಕ್ಕಕ್ಕೇ ಸೇರಿಸದವರಿದ್ದಾರೆ! ಮಾಂಸ, ಮೀನು, ಹಾಮೋನ್ ಮೂರನ್ನೂ ಹೆಸರಿಸಿಯೇ ಬೇಡವೆನ್ನಿ. ಆಲೂಗಡ್ಡೆ, ಮೊಟ್ಟೆಯ ಆಮ್ಲೆಟ್ಟಾದ ತೋರ್ತಿಯಾ ಒಗ್ಗುವುದಾದರೆ ಬದುಕಿದಿರಿ. ರಾತ್ರಿಯೂಟ ಒಂಬತ್ತು ದಾಟಿದ ಮೇಲೆ. ಬೆಚ್ಚನೆಯ ಉಡುಪು ಮರೆಯಬೇಡಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮ ಪಕ್ಕದಲ್ಲೇ ಇದೆ.